ರೋಗಿಯ ಫೋಟೊ ಬೇಡ, ನನ್ನ ಸೈಕಲ್ ಸಾಕು

ಮೊನ್ನೆ ಜುಮಾ ನಮಾಝ್ ಮುಗಿಸಿ ಚಪ್ಪಲಿ ಹುಡುಕುತ್ತಿದ್ದಾಗ ಊರ ಕಡೆಯ ಹಿರಿಯರೊಬ್ಬರು ಭುಜ ಹಿಡಿದು ನಿಲ್ಲಿಸಿದರು. ಮಗನ ಮನೆಗೆಂದು ನಾಗರಭಾವಿಗೆ ಬಂದವರು. "ಮೋನೇ, ನೀನು ಸೈಕಲಲ್ಲಿ ಮಂಗಳೂರಿಗೆ ಹೋಗುದಂತೆ, ಅದಕ್ಕೆ ಜನ ದುಡ್ಡು ಕೊಡ್ಬೇಕಂತೆ. ಎಂತಕ್ಕೆ ಮಾರಾಯ ಇದೆಲ್ಲ? ಪಾಪದವರಿಗೆ ದುಡ್ಡು ಬೇಕಿದ್ರೆ ನೇರ ಕೇಳು, ಕೊಡುವವರು ಕೊಡ್ತಾರೆ. ಇಲ್ಲದಿದ್ರೆ ಆ ಸೈಕಲ್ ಮಾರು. ನೀನು ತುಳಿದ್ರೆ ಯಾರ ಕಾಯಿಲೆ ವಾಸಿ ಆಗ್ತದೆ?"

ಸುತ್ತ ನಿಂತಿದ್ದ ನಾಲ್ಕೈದು ಮಂದಿ ನಕ್ಕರು. ನಾನೂ ನಕ್ಕೆ. "ಹೇಳ್ತೇನೆ ಕಾಕ" ಅಂದೆ, ಆದರೆ ಅಲ್ಲಿ ನಿಂತು ಹೇಳಲು ಆಗಲಿಲ್ಲ. ಅವರ ಪ್ರಶ್ನೆ ಬರೀ ತಮಾಷೆಯದ್ದಲ್ಲ. ಆರು ತಿಂಗಳ ಹಿಂದೆ ಸೈಕಲನ್ನು ಬಾಲ್ಕನಿಯಿಂದ ಕೆಳಗಿಳಿಸಿದ ದಿನದಿಂದ ಇದೇ ಪ್ರಶ್ನೆಯನ್ನು ನಾನೂ ಕೇಳಿಕೊಳ್ಳುತ್ತಿದ್ದೇನೆ. ಆ ದಿನ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಮಲ್ಲತ್ತಹಳ್ಳಿಯಲ್ಲಿ. ಮನೆಯಿಂದ ಹೊರಟರೆ ಕೆರೆ, ಅಂಬೇಡ್ಕರ್ ಇಂಜಿನಿಯರಿಂಗ್ ಕಾಲೇಜು, ಕಲಾಗ್ರಾಮ, ಅದರಾಚೆ ಜ್ಞಾನಭಾರತಿಯ ಮರಗಳು. ಹತ್ತು ವರ್ಷದ ಹಿಂದೆ ಈ ರಸ್ತೆಗಳಲ್ಲಿ ಬೆಳಗ್ಗೆ ಸೈಕಲ್ ತುಳಿಯುತ್ತಿದ್ದವರ ಗುಂಪಿನಲ್ಲಿ ನಾನೂ ಒಬ್ಬ. ಮೊದಲು ಹೊಟ್ಟೆ ಇಳಿಸಲು, ಆಮೇಲೆ ಹುಚ್ಚು ಹಿಡಿದು ಬ್ರೆವೆಗಳಿಗೆ ಹೋದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬ್ರೆವೆ ಅಂದರೆ ಫ್ರಾನ್ಸ್‌ನಿಂದ ಬಂದ ದೂರದ ಸವಾರಿಯ ಪದ್ಧತಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40 ಗಂಟೆ. ಊಟ, ನಿದ್ದೆ, ಪಂಕ್ಚರ್, ಮಳೆ, ಎಲ್ಲವೂ ಆ ಗಂಟೆಗಳ ಒಳಗೇ. ಇದರ ತಾಯಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 1891ರಲ್ಲಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸುಮಾರು 1,200 ಕಿ.ಮೀ., 90 ಗಂಟೆ. ನಮ್ಮ ದೇಶದವರೂ ಹೋಗುತ್ತಾರೆ. ನಾನು ಅಲ್ಲಿಯವರೆಗೆ ಹೋದವನಲ್ಲ. 200, 300 ಮುಗಿಸಿದೆ, ಒಂದು 400 ಕಷ್ಟಪಟ್ಟು ಮುಗಿಸಿದೆ. 600ರಲ್ಲಿ ರಾತ್ರಿ ಎರಡು ಗಂಟೆಗೆ ಒಂದು ಪೆಟ್ರೋಲ್ ಬಂಕ್‌ನ ಕಟ್ಟೆಯಲ್ಲಿ ಮಲಗಿದವನು ಏಳಲೇ ಇಲ್ಲ. ಬೆಳಗ್ಗೆ ಬಸ್ ಹತ್ತಿ ಮನೆಗೆ ಬಂದೆ.

ಬ್ರೆವೆಯಲ್ಲಿ ನನಗೆ ಹಿಡಿಸಿದ್ದು ಒಂದು ವಿಷಯ. ಅದರಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಅಂತ ಇಲ್ಲ. ಮುಗಿಸಿದವರ ಹೆಸರು ಅಕ್ಷರಗಳ ಅನುಕ್ರಮದಲ್ಲಿ ಒಂದು ಪಟ್ಟಿಯಲ್ಲಿ ಬರುತ್ತದೆ, ಅಷ್ಟೇ. ಹಾರ ಇಲ್ಲ, ಶಾಲು ಇಲ್ಲ. ನಮ್ಮ ಸಮಾರಂಭಗಳಲ್ಲಿ ಶಾಲು ಹೊದಿಸಿಯೇ ಅರ್ಧ ದಿನ ಮುಗಿಯುವುದನ್ನು ನೋಡಿದವನಿಗೆ ಇದು ದೊಡ್ಡ ನೆಮ್ಮದಿ.

ಆಮೇಲೆ ಮಂಡಿ ನೋವು, ಕೆಲಸ ಬದಲಾದದ್ದು, ಮನೆಯ ಸಾಲ, ಕೊರೋನ. ಸೈಕಲ್ ಬಾಲ್ಕನಿ ಸೇರಿತು. ಒಗೆದ ಟವೆಲ್ ಒಣಗಿಸಲು ಅದರ ಹ್ಯಾಂಡಲ್ ಬಹಳ ಅನುಕೂಲ ಎಂದು ಮನೆಯವಳು ಹೇಳುತ್ತಿದ್ದಳು.

ಹಾಗೆ ನೋಡಿದರೆ ದೂರದ ಸೈಕಲ್ ನಮ್ಮ ಮಂದಿಗೆ ಹೊಸತೇನಲ್ಲ. ನನ್ನ ಬಾಪ ಮೀನು ಮಾರುತ್ತಿದ್ದವರು. ಮಂಗಳೂರು ದಕ್ಕೆಯಿಂದ ಬರುವ ಬೂತಾಯಿ, ಬಂಗುಡೆಯನ್ನು ಬೆಳಗ್ಗೆ ಬಿ.ಸಿ.ರೋಡಿನಲ್ಲಿ ಎತ್ತಿಕೊಂಡು, ಕ್ಯಾರಿಯರಿಗೆ ಬುಟ್ಟಿ ಕಟ್ಟಿ, ಒಳದಾರಿಯ ಊರುಗಳಿಗೆ ಹೊರಡುತ್ತಿದ್ದರು. ಗೇರ್ ಇಲ್ಲದ ಸೈಕಲ್, ಹಿಂದೆ ಐಸು ಕರಗಿ ಸುರಿಯುವ ನೀರು, ಮುಂದೆ ರಬ್ಬರ್ ಹಾರ್ನು. ದಿನಕ್ಕೆ ನಲ್ವತ್ತು ಕಿ.ಮೀ. ಆಗುತ್ತಿತ್ತೇನೋ, ಯಾರು ಅಳೆದಿದ್ದಾರೆ? ಕರಾವಳಿಯ ಗುಡ್ಡದ ಏರುಗಳನ್ನು ನಾನು ಇಪ್ಪತ್ತೇಳು ಗೇರ್ ಇಟ್ಟುಕೊಂಡು ಹತ್ತುವಾಗ ಅವರ ನೆನಪಾಗುತ್ತದೆ. ಅವರಿಗೆ ಯಾರೂ ಕಿಲೋಮೀಟರಿಗೆ ಇಷ್ಟು ಅಂತ ದೇಣಿಗೆ ಕೊಡಲಿಲ್ಲ. ಸಂಜೆ ಉಳಿದ ಮೀನನ್ನು ಯಾವ ಮನೆಗೆ ಸುಮ್ಮನೆ ಕೊಟ್ಟು ಬರುತ್ತಿದ್ದರೆಂದು ಉಮ್ಮನಿಗೂ ಹೇಳುತ್ತಿರಲಿಲ್ಲ. ಹಾಗಾಗಿ ಆ ಹಿರಿಯರ ಪ್ರಶ್ನೆಯನ್ನು ಬಾಪ ಕೇಳಿದ್ದರೂ ಕೇಳುತ್ತಿದ್ದರು.

ಸೈಕಲ್ ಕೆಳಗಿಳಿದದ್ದು ಯಾಕೆ ಎಂದು ಹೇಳಬೇಕಾದರೆ ಒಂದು ಪೋಸ್ಟರಿನ ಕಥೆ ಹೇಳಬೇಕು. ಆ ಪೋಸ್ಟರ್ ಮಾಡಿದ್ದು ನಾನೇ.

ಮೂರು ವರ್ಷಗಳ ಹಿಂದೆ ನಮ್ಮೂರ ಕಡೆಯ ಒಬ್ಬ ತಾಯಿ ಗಂಟಲಿನ ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿಗೆ ಬಂದರು. ಬೀಡಿ ಕಟ್ಟಿ ಮನೆ ನಡೆಸುವವರು. ಜೊತೆಗೆ ತಮ್ಮ. ಆಪರೇಷನ್ ಆಯಿತು. ಆಮೇಲೆ ರೇಡಿಯೇಷನ್. ಅದು ವಾರಕ್ಕೆ ಐದು ದಿನ, ಆರು ವಾರ, ಒಟ್ಟು ಮೂವತ್ತು ಸಲ. ಒಂದೊಂದು ಸಲಕ್ಕೆ ಹೆಚ್ಚೆಂದರೆ ಹದಿನೈದು ನಿಮಿಷ. ವಾರ್ಡಿನಲ್ಲಿ ಮಲಗಿಸಿಕೊಳ್ಳುವುದಿಲ್ಲ, ಬಂದು ಹೋಗಬೇಕು. ದಿನದ ಉಳಿದ ಇಪ್ಪತ್ತಮೂರೂ ಮುಕ್ಕಾಲು ಗಂಟೆ ಎಲ್ಲಿರುವುದು? ನಮ್ಮ ಊರಿನವರ ಕಷ್ಟ ಶುರುವಾಗುವುದು ಇಲ್ಲಿ. ಚಿಕಿತ್ಸೆಗೆ ಸರಕಾರದ ಕಾರ್ಡ್ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಅದು ನಿಜಕ್ಕೂ ದೊಡ್ಡ ಆಸರೆ. ಆದರೆ ಆ ಕಾರ್ಡ್ ಕೋಣೆಯ ಬಾಡಿಗೆ ಕೊಡುವುದಿಲ್ಲ, ಜೊತೆಗಿರುವವರ ಊಟ ಕೊಡುವುದಿಲ್ಲ, ಆಟೊಗೆ ಕೊಡುವುದಿಲ್ಲ. ಗಂಟಲು ಸುಟ್ಟುಹೋದವರಿಗೆ ಗಂಜಿ ಬೇಯಿಸಲು ಒಂದು ಸ್ಟವ್ ಕೂಡ ಕೊಡುವುದಿಲ್ಲ.

ಆಗ ನಾನು ಲೆಕ್ಕ ಹಾಕಿದ್ದು ಹೀಗೆ. ಕೋಣೆಗೆ ದಿನಕ್ಕೆ 600 ರೂ., ಇಬ್ಬರ ಊಟಕ್ಕೆ 300, ಚಿಕಿತ್ಸೆಯ ದಿನ ಆಟೊಗೆ 150. ಆರು ವಾರಕ್ಕೆ 42,300 ರೂಪಾಯಿ. ಬೀಡಿ ಕಟ್ಟುವ ಮನೆಯಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಮೂರನೇ ವಾರಕ್ಕೆ ದುಡ್ಡು ಮುಗಿಯಿತು. ತಮ್ಮ ನನಗೆ ಫೋನ್ ಮಾಡಿ, "ನಾವು ಊರಿಗೆ ಹೋಗ್ತೇವೆ, ಉಳಿದದ್ದು ಆಮೇಲೆ ನೋಡುವ" ಅಂದ. ರೇಡಿಯೇಷನ್‌ನಲ್ಲಿ ಆಮೇಲೆ ಅನ್ನುವುದು ನಡೆಯುವುದಿಲ್ಲ. ಮಧ್ಯದಲ್ಲಿ ಬಿಟ್ಟರೆ ಅಲ್ಲಿಯವರೆಗೆ ಕೊಟ್ಟದ್ದರ ಫಲವೂ ಕಡಿಮೆಯಾಗುತ್ತದೆ. ಆ ರಾತ್ರಿ ಕೂತು ಪೋಸ್ಟರ್ ಮಾಡಿದೆ. ಕುತ್ತಿಗೆಯ ಬ್ಯಾಂಡೇಜ್ ಕಾಣುವ ಫೋಟೊ, ಆಸ್ಪತ್ರೆಯ ಕಾಗದ, ಊರಿನ ಹೆಸರು, ಮಕ್ಕಳೆಷ್ಟು, ತಮ್ಮನ ಗೂಗಲ್ ಪೇ ನಂಬರ್. ನಾಲ್ಕು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ.

ಎರಡೇ ದಿನದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ದುಡ್ಡು ಬಂತು. ಅದನ್ನು ಮುಚ್ಚಿಡಬಾರದು. ನಮ್ಮ ಸಮುದಾಯದ ಕೈ ದೊಡ್ಡದು. ದಮ್ಮಾಮ್‌ನಿಂದ, ದುಬೈಯಿಂದ, ದೇರಳಕಟ್ಟೆಯಿಂದ, ಶಿವಾಜಿನಗರದಿಂದ ನೂರು, ಐನೂರು, ಎರಡು ಸಾವಿರ ಬಂದವು. ಮೂವತ್ತೂ ಸಲದ ಚಿಕಿತ್ಸೆ ಮುಗಿಯಿತು. ಅಲ್ಲಾಹನ ಕೃಪೆ, ಅವರು ಇವತ್ತಿಗೂ ಆರೋಗ್ಯವಾಗಿದ್ದಾರೆ, ಬೀಡಿ ಕಟ್ಟುತ್ತಿದ್ದಾರೆ.

ಆದರೆ ಪೋಸ್ಟರ್ ನಿಲ್ಲಲಿಲ್ಲ. ಚಿಕಿತ್ಸೆ ಮುಗಿದು ಒಂದೂವರೆ ವರ್ಷದ ಮೇಲೆ ಅದು ಯಾವುದೋ ಗಲ್ಫ್ ಗ್ರೂಪಿನಿಂದ ಸುತ್ತಿ ಸುತ್ತಿ ನನಗೇ ಬಂತು. "ಅರ್ಜೆಂಟ್, ಎಲ್ಲರಿಗೂ ಶೇರ್ ಮಾಡಿ" ಎಂದು ಯಾರೋ ಮೇಲೆ ಕೆಂಪು ಅಕ್ಷರ ಸೇರಿಸಿದ್ದರು. ಕಳೆದ ವರ್ಷ ಊರಿಗೆ ಹೋದಾಗ ಅವರ ಮನೆಗೆ ಹೋದೆ. ಚಹಾ ಕೊಟ್ಟರು. ಮದುವೆಗಳಿಗೆ ಹೋಗುವುದನ್ನು ಬಿಟ್ಟಿದ್ದೇನೆ ಎಂದರು. ಹೋದಲ್ಲೆಲ್ಲ ಯಾರಾದರೊಬ್ಬರು ಹತ್ತಿರ ಬಂದು, "ನೀವು ಆ ಫೋಟೊದಲ್ಲಿ ಇದ್ದವರಲ್ವಾ? ಈಗ ಹೇಗಿದ್ದೀರಿ?" ಎಂದು ಕೇಳುತ್ತಾರಂತೆ. ಒಳ್ಳೆಯ ಮನಸ್ಸಿನಿಂದಲೇ ಕೇಳುವುದು. ಕೆಲವರು, "ನಾನೂ ಐನೂರು ಹಾಕಿದ್ದೆ" ಎಂದೂ ಹೇಳುತ್ತಾರಂತೆ. ಎಂಟನೇ ಕ್ಲಾಸಿನ ಮಗಳು ಒಳಗಿನಿಂದ ಬಂದು ನನ್ನ ಮುಖ ನೋಡದೆ ಕೇಳಿದಳು, "ಮಾಮ, ಆ ಫೋಟೊ ತೆಗೀಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಒಮ್ಮೆ ಬಿಟ್ಟ ಮೇಲೆ ಅದನ್ನು ಹಿಂದಕ್ಕೆ ಕರೆಯುವ ದಾರಿ ಇಲ್ಲ. (ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿದ್ದೇನೆ. ಹೆಸರು, ಊರು ಬೇಡ ಎಂದರು, ಬಿಟ್ಟಿದ್ದೇನೆ.)

ಬೆಂಗಳೂರಿಗೆ ಹಿಂದಿರುಗುವ ರಾತ್ರಿ ಬಸ್ಸಿನಲ್ಲಿ ನನಗೆ ಹೊಳೆದದ್ದು ಇಷ್ಟು. ನಮ್ಮಲ್ಲಿ ದೊಡ್ಡ ಮೊತ್ತ ಕೊಟ್ಟವರು "ಹೆಸರು ಹಾಕಬೇಡಿ" ಅನ್ನುತ್ತಾರೆ. ರಸೀದಿಯಲ್ಲಿ "ಓರ್ವ ದಾನಿ" ಎಂದು ಬರೆಯುತ್ತೇವೆ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕು ಎಂದು ಮದ್ರಸದಲ್ಲಿ ಕಲಿತದ್ದನ್ನು ಅವರು ಪಾಲಿಸುತ್ತಿದ್ದಾರೆ, ಒಳ್ಳೆಯದೇ. ಆದರೆ ಪಡೆಯುವವರ ಮುಖ, ಬ್ಯಾಂಡೇಜ್, ರೇಷನ್ ಕಾರ್ಡ್, ಗಂಡ ಬಿಟ್ಟು ಹೋದ ಸಂಗತಿ, ಎಲ್ಲವೂ ಸಾವಿರ ಫೋನಿನಲ್ಲಿ. ಗುಟ್ಟು ಯಾರದ್ದು ಉಳಿಯಬೇಕಿತ್ತು, ಯಾರದ್ದು ಉಳಿಯಿತು?

ಕಾಕ, ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು. ದುಡ್ಡು ಕೇಳುವಾಗ ಯಾರಾದರೊಬ್ಬರ ಮುಖ ಬೇಕೇ ಬೇಕು. ಬರೀ "ಸಹಾಯ ಮಾಡಿ" ಅಂದರೆ ಯಾರೂ ಓದುವುದಿಲ್ಲ. ಹಾಗಿದ್ದರೆ ಆ ಮುಖ ನನ್ನದಾಗಲಿ. ಐವತ್ತೊಂದು ವರ್ಷದ ಒಬ್ಬ ಹೊಟ್ಟೆಯ ಮನುಷ್ಯ, ತಲೆಗೆ ಹೆಲ್ಮೆಟ್, ಬೆವರು ಸುರಿಸುತ್ತ ಮಾಗಡಿ ರಸ್ತೆಯ ಏರು ಹತ್ತುತ್ತಿದ್ದಾನೆ ಎಂಬ ಫೋಟೊ ಎಷ್ಟು ವರ್ಷ ಸುತ್ತಿದರೂ ನನಗೆ ನಷ್ಟವಿಲ್ಲ. ಮದುವೆ ಮನೆಯಲ್ಲಿ "ನೀನು ಸೈಕಲಿನವನಲ್ವಾ" ಎಂದು ಕೇಳಿದರೆ ಬಿರಿಯಾನಿ ತಿನ್ನುತ್ತ ಹೌದು ಅನ್ನಬಹುದು.

ಇದು ನನ್ನ ತಲೆಯಿಂದ ಬಂದ ಹೊಸ ಉಪಾಯವೇನಲ್ಲ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಓಟದಲ್ಲಿ ಎಷ್ಟೋ ಮಂದಿ ಸೇವಾ ಸಂಸ್ಥೆಗಳಿಗಾಗಿ ಹಣ ಎತ್ತಿಯೇ ಓಡುತ್ತಾರೆ. ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಬಿಲ್ಲಿ ಸ್ಟಾರ್ ಎಂಬವರು, ತಾಯಿ ಕ್ಯಾನ್ಸರಿನಿಂದ ತೀರಿಕೊಂಡ ನೆನಪಿಗೆ, 1980ರಲ್ಲಿ ಮೂವತ್ತಾರು ಮಂದಿಯ ಜೊತೆ ಸೈಕಲ್ ಸವಾರಿ ಮಾಡಿದರು. ಆ ಸಲ ಸಿಕ್ಕಿದ್ದು ಹತ್ತು ಸಾವಿರ ಡಾಲರಿನಷ್ಟು. ಪ್ಯಾನ್-ಮಾಸ್ ಚಾಲೆಂಜ್ ಎಂಬ ಆ ಸವಾರಿ ಇವತ್ತಿಗೂ ನಡೆಯುತ್ತಿದೆ. ಬಾಸ್ಟನ್ನಿನ ಕ್ಯಾನ್ಸರ್ ಸಂಸ್ಥೆಗೆ ಇದುವರೆಗೆ ನೂರು ಕೋಟಿ ಡಾಲರಿಗಿಂತ ಹೆಚ್ಚು ಕೊಟ್ಟಿದೆ. ನಮ್ಮವರನ್ನೇ ನೋಡುವುದಾದರೆ, 2017ರಲ್ಲಿ ಎಂಟು ಮಂದಿ ಮುಸ್ಲಿಮರು ಲಂಡನ್ನಿನಿಂದ ಮದೀನಾಕ್ಕೆ ಹಜ್ ಯಾತ್ರೆಗೆ ಸೈಕಲ್ಲಿನಲ್ಲೇ ಹೊರಟರು, ಸಿರಿಯದ ಜನರ ವೈದ್ಯಕೀಯ ನೆರವಿಗೆ ಹಣ ಎತ್ತಿದರು. ಅವರ ದಾರಿಯ ಮುಂದೆ ನನ್ನ ಮಂಗಳೂರು ಏನೂ ಅಲ್ಲ.

ಅಷ್ಟು ದೂರವೂ ಹೋಗುವುದು ಬೇಡ. ಹರೇಕಳ ಹಾಜಬ್ಬರನ್ನು ನೋಡಿ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಬುಟ್ಟಿ ಹೊತ್ತು ಮಾರಿ, ಆ ದುಡ್ಡಿನಿಂದ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಲು ಹೊರಟವರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲೇ ಹೋಗಿ ರಾಷ್ಟ್ರಪತಿಯವರಿಂದ ಪಡೆದರು. ಜನ ಅವರ ಶಾಲೆಗೆ ನೆರವಾದದ್ದು ಬಡ ಮಕ್ಕಳ ಹರಿದ ಅಂಗಿ ನೋಡಿ ಅಲ್ಲ, ಹಾಜಬ್ಬರ ಬುಟ್ಟಿ ನೋಡಿ. ಮೊದಲು ತಾನು ಹೊತ್ತವನು, ಆಮೇಲೆ ಕೇಳಿದವನು. ನನ್ನದು ಆ ಬುಟ್ಟಿಯ ಪಕ್ಕದಲ್ಲಿ ಇಡುವಂಥದ್ದಲ್ಲ, ಮೋಜಿನ ಅಂಶವೂ ಇದೆ. ಆದರೆ ಜನ ನಂಬುವ ಬಗೆ ಅದೇ.

ಮೋಜಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. "ಸೈಕಲ್ ಮಾರು" ಅನ್ನುವ ಮಾತಿಗೆ ನನ್ನಲ್ಲಿ ಎರಡು ಉತ್ತರ ಇವೆ. ಒಂದು, ಅದು ಸೆಕೆಂಡ್ ಹ್ಯಾಂಡ್ ಸೈಕಲ್, ಈಗ ಮಾರಿದರೆ ಹದಿನೆಂಟು ಇಪ್ಪತ್ತು ಸಾವಿರ, ಒಬ್ಬ ರೋಗಿಯ ಮೂರು ವಾರಕ್ಕೂ ಸಾಲದು. ಅದರ ಮೇಲೆ ಕೂತರೆ ಇನ್ನೂರು ಮಂದಿಯ ಬಾಗಿಲು ತಟ್ಟಬಹುದು. ಇನ್ನೊಂದು, ನನಗೆ ಮಾರಲು ಮನಸ್ಸಿಲ್ಲ. ಮತ್ತೆ ತುಳಿಯಲು ಶುರು ಮಾಡಿದ ಮೇಲೆ ನಿದ್ದೆ ಚೆನ್ನಾಗಿ ಬರುತ್ತಿದೆ, ಸಕ್ಕರೆ ಇಳಿದಿದೆ, ಮನೆಯಲ್ಲಿ ಸಿಡುಕುವುದು ಕಡಿಮೆಯಾಗಿದೆಯಂತೆ. ಅಂದರೆ ಈ ಸವಾರಿಯಿಂದ ನನಗೇ ಲಾಭ ಇದೆ. ಇದಕ್ಕೆ ಧರ್ಮದ ಬಣ್ಣ ಪೂರ್ತಿ ಬಳಿಯುವುದು ಸುಳ್ಳಾಗುತ್ತದೆ. ಹಾಗಾಗಿ ಟಯರ್, ಊಟ, ಲಾಡ್ಜ್, ವಾಪಸ್ ಬರುವ ಬಸ್ಸು, ನನ್ನ ಪೋಸ್ಟರಿನ ಪ್ರಿಂಟು, ಎಲ್ಲ ನನ್ನ ಜೇಬಿನಿಂದ. ಕೊಟ್ಟವರ ಒಂದು ರೂಪಾಯಿಯೂ ಚೈನಿನ ಎಣ್ಣೆಗೆ ಹೋಗಬಾರದು.

ಈ ವಿಷಯದಲ್ಲಿ ಎಡವಿದವರ ಕಥೆಯೂ ಇದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಏಡ್ಸ್ ರೋಗಿಗಳಿಗಾಗಿ ಏಡ್ಸ್ ರೈಡ್ ಎಂಬ ದೊಡ್ಡ ದೊಡ್ಡ ಸೈಕಲ್ ಸವಾರಿಗಳು ನಡೆದವು. ಕೋಟಿ ಕೋಟಿ ಡಾಲರ್ ಸೇರಿತು. ಆದರೆ ಜಾಹೀರಾತು, ಡೇರೆ, ಊಟ, ವ್ಯವಸ್ಥೆಗಳಿಗೇ ಬಹಳ ಹೋಗುತ್ತಿದೆ, ರೋಗಿಗೆ ತಲುಪುವುದು ಕಡಿಮೆ ಎಂಬ ಆಕ್ಷೇಪ ಬೆಳೆಯಿತು. ಸೇವಾ ಸಂಸ್ಥೆಗಳು ಹಿಂದೆ ಸರಿದವು, 2002ರಲ್ಲಿ ಅದನ್ನು ನಡೆಸುತ್ತಿದ್ದ ಕಂಪೆನಿಯೇ ಬಾಗಿಲು ಹಾಕಿತು. ಪ್ಯಾನ್-ಮಾಸ್‌ನವರು ಉಳಿದದ್ದಕ್ಕೆ ಒಂದು ಕಾರಣ, ಸವಾರರು ಎತ್ತಿದ ಹಣ ಪೂರ್ತಿ ಆಸ್ಪತ್ರೆಗೆ ಎಂದು ಹೇಳಿ ಹಾಗೆಯೇ ನಡೆದುಕೊಂಡದ್ದು. ಖರ್ಚನ್ನು ಅವರು ನೋಂದಣಿ ಶುಲ್ಕ ಮತ್ತು ಪ್ರಾಯೋಜಕರಿಂದ ತೂಗಿಸುತ್ತಾರೆ. ನಮ್ಮಲ್ಲಿ ಈಗೀಗ ಯುವಕರ ಸಂಘಟನೆಗಳು ಬೈಕ್ ರ್‍ಯಾಲಿ, ಸೈಕಲ್ ಜಾಥಾ ಎಂದು ಟೀ ಶರ್ಟು, ಕ್ಯಾಪು, ಡ್ರೋನ್ ವೀಡಿಯೊ ಮಾಡಿಸುವುದನ್ನು ನೋಡುತ್ತೇನೆ. ಟೀ ಶರ್ಟಿನ ಬಿಲ್ ಯಾರು ಕೊಟ್ಟರು ಎಂದು ಕೇಳಿದರೆ ಕೋಪ ಮಾಡಿಕೊಳ್ಳಬಾರದು.

ಹಾಗೆಯೇ "ಕಿಲೋಮೀಟರಿಗೆ ಹತ್ತು ರೂಪಾಯಿ" ಎಂಬ ಲೆಕ್ಕವೂ ನನಗೆ ಬೇಡ. ಹೊರದೇಶಗಳಲ್ಲಿ ಹೀಗೆ ಮಾತು ಕೊಡುವ ರೂಢಿ ಇದೆ. ಸೈಕಲ್ ಸಕಲೇಶಪುರದಲ್ಲಿ ಕೆಟ್ಟು ನಿಂತರೆ ರೋಗಿಗೆ ಬರುವ ದುಡ್ಡು ಯಾಕೆ ಕಡಿಮೆಯಾಗಬೇಕು? ನನ್ನ ಮಂಡಿಗೂ ಅವರ ಅನ್ನಕ್ಕೂ ಗಂಟು ಹಾಕುವುದು ಸರಿಯಲ್ಲ. ಕೊಡುವವರು ನಾನು ಹೊರಡುವ ಮೊದಲೇ ಕೊಡಲಿ. ನಾನು ಮುಗಿಸದಿದ್ದರೆ ನಗಲಿ, ಅದಕ್ಕೆ ಅವರಿಗೆ ಹಕ್ಕಿದೆ.

ಈಗ ರಿಯಾ, ಅಂದರೆ ತೋರಿಕೆಯ ಮಾತು. ಆ ಹಿರಿಯರು ಬಾಯಿ ಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಇದ್ದದ್ದು ಅದೇ ಎಂದು ನನಗೆ ಗೊತ್ತು. ಒಳ್ಳೆಯ ಕೆಲಸವನ್ನು ಜನರಿಗೆ ತೋರಿಸಲು ಮಾಡಿದರೆ ಅದು ಕೆಟ್ಟಿತು. ಗುಟ್ಟಿನ ದಾನ ಮೇಲು. ಇದರಲ್ಲಿ ನನಗೆ ವಾದ ಇಲ್ಲ. ಆದರೆ ಬಹಿರಂಗವಾಗಿ ಕೊಡುವುದು, ಬಹಿರಂಗವಾಗಿ ಕೂಡಿಸುವುದು ತಪ್ಪು ಎಂದು ಯಾವ ಉಸ್ತಾದರೂ ನನಗೆ ಕಲಿಸಿಲ್ಲ. ಮಸೀದಿ ಕಟ್ಟುವಾಗ ಮೈಕಿನಲ್ಲಿ ಹೆಸರು ಕೂಗುವುದನ್ನು ಕೇಳಿಕೊಂಡೇ ಬೆಳೆದವರು ನಾವು. ನನ್ನ ಮನಸ್ಸಿನಲ್ಲಿ ತೋರಿಕೆ ಇಲ್ಲವೇ ಇಲ್ಲ ಎಂದು ಹೇಳಿದರೆ ಅದೇ ಒಂದು ತೋರಿಕೆ. ಇದ್ದೀತು. ಮೊದಲ ಐವತ್ತು ಕಿ.ಮೀ. ಮುಗಿಸಿದ ದಿನ ಸ್ಟೇಟಸ್ ಹಾಕಿ, ಎಷ್ಟು ಜನ ನೋಡಿದರು ಎಂದು ಅರ್ಧ ಗಂಟೆಗೊಮ್ಮೆ ನೋಡಿದವನು ನಾನು. ಆ ಪಾಪದ ಲೆಕ್ಕ ನನ್ನದು, ನಾನು ಕೊಟ್ಟುಕೊಳ್ಳುತ್ತೇನೆ. ಪೋಸ್ಟರಿನಲ್ಲಿ ಆ ತಾಯಿಯ ಮುಖ ಹಾಕಿದಾಗ ಬೆಲೆ ಕೊಟ್ಟವರು ಅವರು. ಎರಡರಲ್ಲಿ ಒಂದು ಆಗಲೇಬೇಕಾದರೆ ನಾನು ಮೊದಲಿನದ್ದನ್ನು ಆರಿಸಿಕೊಳ್ಳುತ್ತೇನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಫೋಟೊ, ಕಾಗದ ತೋರಿಸದಿದ್ದರೆ ನಂಬುವುದು ಹೇಗೆ? ಸುಳ್ಳು ರೋಗಿಗಳ ಹೆಸರಿನಲ್ಲಿ ದುಡ್ಡು ಎತ್ತಿದವರೂ ಇದ್ದಾರಲ್ಲ? ಇದ್ದಾರೆ. ಅದಕ್ಕೆ ನಾವು ಮಾಡಿಕೊಂಡ ದಾರಿ ಹೀಗಿದೆ. ದುಡ್ಡು ನನ್ನ ಖಾತೆಗೆ ಬರುವುದಿಲ್ಲ, ನನ್ನ ಫೋನಿಗೂ ಬರುವುದಿಲ್ಲ. ಊರಿನ ಒಂದು ನೋಂದಾಯಿತ ಟ್ರಸ್ಟಿನ ಬ್ಯಾಂಕ್ ಖಾತೆಗೆ ನೇರ ಹೋಗುತ್ತದೆ, ರಸೀದಿ ಅಲ್ಲಿಂದಲೇ. ರೋಗಿಯ ಕಾಗದಗಳನ್ನು ಮೂವರು ನೋಡುತ್ತಾರೆ, ಅವರಲ್ಲಿ ಒಬ್ಬರು ಡಾಕ್ಟರ್. ಆ ಮೂವರಲ್ಲದೆ ನಾಲ್ಕನೆಯವರಿಗೆ ಹೆಸರು ತಿಳಿಯುವುದಿಲ್ಲ, ನನಗೂ ಇಲ್ಲ. ಕೊಟ್ಟವರಿಗೆ ಮೂರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ಬರುತ್ತದೆ, ಎಷ್ಟು ಮಂದಿಗೆ, ಎಷ್ಟು ದಿನದ ಕೋಣೆ, ಎಷ್ಟು ಊಟ, ಕೈಯಲ್ಲಿ ಎಷ್ಟು ಉಳಿದಿದೆ ಎಂದು. ಬಾಡಿಗೆಯನ್ನು ಕೋಣೆಯವರಿಗೇ ಕೊಡುವುದು. ಹೀಗೆ ಮಾಡಿದರೆ ಪೋಸ್ಟರಿನಷ್ಟು ಬೇಗ ದುಡ್ಡು ಬರುವುದಿಲ್ಲ. ಈವರೆಗಿನ ಅನುಭವ ಅದೇ. ಬ್ಯಾಂಡೇಜ್ ಕಂಡಾಗ ಕರಗುವ ಮನಸ್ಸು ಲೆಕ್ಕದ ಪುಟ ಕಂಡಾಗ ಕರಗುವುದಿಲ್ಲ. ನಿಧಾನವಾಗಲಿ. ಮೊದಲೇ ಕೂಡಿಸಿಟ್ಟರೆ ಮೂರನೇ ವಾರದ ರಾತ್ರಿ ಯಾರೂ ಫೋಟೊ ತೆಗೆಯಲು ಓಡಬೇಕಾಗಿಲ್ಲ. ನಮ್ಮ ಗುರಿ ಹತ್ತು ರೋಗಿಗಳ ಆರಾರು ವಾರ, ಅಂದರೆ 4,23,000 ರೂಪಾಯಿ. ಟ್ರಸ್ಟಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಇದು ಜಾಹೀರಾತಿನ ಜಾಗವಲ್ಲ.

ಗಲ್ಫಿನಲ್ಲಿರುವ ನಮ್ಮ ಹುಡುಗರು ಪದೇ ಪದೇ ಕೇಳುವ ಒಂದು ಮಾತಿಗೆ ಉತ್ತರ ಹೇಳಬೇಕು. ಹೊರಗಿನಿಂದ ಕಳುಹಿಸಿದರೆ ಎಫ್‌ಸಿಆರ್‌ಎ ತೊಂದರೆ ಬರುತ್ತದಾ ಎಂದು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎಂದು ಲೆಕ್ಕಕ್ಕೆ ಬರುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು ಬರುತ್ತದೆ, ಅವರು ಕಳುಹಿಸುವ ಮೊದಲು ಟ್ರಸ್ಟಿನವರಲ್ಲಿ ಕೇಳಬೇಕು. ಇನ್ನು ಝಕಾತ್. ಅದನ್ನು ಯಾರಿಗೆ ಕೊಡಬಹುದು ಎಂದು ಎಂಟು ವರ್ಗ ಗೊತ್ತುಮಾಡಿದೆ, ಅದು ನನ್ನ ಸೈಕಲಿನ ಇಷ್ಟಕ್ಕೆ ಬಿಟ್ಟದ್ದಲ್ಲ. ನಾನು ಕೇಳುತ್ತಿರುವುದು ಸದಕಾ ಮಾತ್ರ. ಝಕಾತ್ ಕೊಡಲು ಬಯಸುವವರು ಹಾಗೆಂದು ಬರೆದು ಕೊಟ್ಟರೆ ಟ್ರಸ್ಟಿನವರು ಬೇರೆಯಾಗಿಯೇ ಇಡುತ್ತಾರೆ.

ತಯಾರಿಯ ಬಗ್ಗೆ ಎರಡು ಮಾತು. ಮೊದಲ ದಿನ ಮಲ್ಲತ್ತಹಳ್ಳಿಯಿಂದ ಕೆಂಗೇರಿಗೆ ಹೋಗಿ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಡಾಕ್ಟರ್ ಬಳಿ ಹೋಗಿ ಹೃದಯ ತೋರಿಸಿದ ಮೇಲೆಯೇ ಎರಡನೇ ದಿನ ಹತ್ತಿದ್ದು. ನಲ್ವತ್ತೈದು ದಾಟಿದವರು ಇದನ್ನು ಮರೆಯಬಾರದು. ಮೂರು ತಿಂಗಳು ಉಲ್ಲಾಳ, ರಾಮೋಹಳ್ಳಿ, ದೊಡ್ಡ ಆಲದಮರ. ಆಮೇಲೆ ಮಂಚನಬೆಲೆಯ ಏರಿಳಿತ. ಫಜ್ರ್ ನಮಾಝ್ ಮುಗಿಸಿ ಹೊರಟರೆ ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತಿಗೆ ಮನೆಯಲ್ಲಿ. ಈ ಭಾಗದ ನಾಯಿಗಳಿಗೆ ಸೈಕಲ್ ಸವಾರರೆಂದರೆ ಏನೋ ಹಳೆಯ ದ್ವೇಷ, ಅದು ಹತ್ತು ವರ್ಷದಲ್ಲಿ ಕಡಿಮೆಯಾಗಿಲ್ಲ. ಮುಂಚೆ ಮೈಸೂರು ರಸ್ತೆ ಹಿಡಿದು ರಾಮನಗರದವರೆಗೆ ಹೋಗಿ ಇಡ್ಲಿ ತಿಂದು ಬರುತ್ತಿದ್ದೆವು. ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೂ ಸೈಕಲಿಗೂ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಆ ವೇಗದ ರಸ್ತೆಯಲ್ಲಿ ನಮ್ಮಂಥವರು ಇಲ್ಲದಿರುವುದೇ ಒಳ್ಳೆಯದು ಎಂದು ನನಗೂ ಅನ್ನಿಸುತ್ತದೆ. ಆದರೆ ಸರ್ವಿಸ್ ರಸ್ತೆಯನ್ನಾದರೂ ತುಂಡಾಗದಂತೆ ಮಾಡಬೇಕಿತ್ತು.

ಊರಿನ ದಾರಿಗೆ ನಾನು ಮಾಗಡಿ ಮೇಲೆ ಹೋಗುತ್ತೇನೆ. ಮಾಗಡಿ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ. ಮೊದಲ ದಿನ ಸಕಲೇಶಪುರದವರೆಗೆ, ಸುಮಾರು 220 ಕಿ.ಮೀ. ಅಲ್ಲಿ ನಿದ್ದೆ. ಮರುದಿನ ಬೆಳಕು ಹರಿದ ಮೇಲೆಯೇ ಶಿರಾಡಿ ಇಳಿಯುವುದು. ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಕಲ್ಲಡ್ಕದಲ್ಲಿ ಒಂದು ಕೆ.ಟಿ., ಆಮೇಲೆ ಬಿ.ಸಿ.ರೋಡ್, ಮಂಗಳೂರು. ಬ್ರೆವೆ ಹುಡುಗರು ಇದನ್ನು ಒಂದೇ ಓಟದಲ್ಲಿ ಮುಗಿಸುತ್ತಾರೆ. ನಾನು ರಾತ್ರಿ ಘಾಟಿಯಲ್ಲಿ ಲಾರಿಗಳ ನಡುವೆ ಇಳಿಯಲಾರೆ, ಇಳಿಯುವುದೂ ಇಲ್ಲ. ಸೇವೆಯ ಹೆಸರಿನಲ್ಲಿ ಇನ್ನೊಬ್ಬ ರೋಗಿಯನ್ನು ತಯಾರು ಮಾಡುವುದು ಬೇಡ.

ಪೋಸ್ಟರ್ ತಯಾರಾಗಿದೆ. ನನ್ನ ಫೋಟೊ, ಟ್ರಸ್ಟಿನ ಖಾತೆ, ಗುರಿಯ ಮೊತ್ತ, ಕೊನೆಯ ದಿನಾಂಕ. ಆ ದಿನಾಂಕದ ಬಳಿಕ ದಯವಿಟ್ಟು ಕಳುಹಿಸಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಗ್ರೂಪಿಗೆ ಹಾಕುವ ಮೊದಲು ಅದನ್ನು ಊರಿನ ಆ ಹುಡುಗಿಗೆ ಕಳುಹಿಸಿ ಹೇಗಿದೆ ಎಂದು ಕೇಳಿದೆ. ಈಗ ಅವಳು ಹತ್ತನೇ ಕ್ಲಾಸು. "ನಿಮ್ಮ ಹೆಲ್ಮೆಟ್ ಓರೆ ಉಂಟು ಮಾಮ, ಬೇರೆ ಫೋಟೊ ಹಾಕಿ" ಎಂದು ಉತ್ತರ ಬಂತು. ಬೇರೆ ತೆಗೆಸಿ ಹಾಕಿದ್ದೇನೆ.

ಮಳೆ ಪೂರ್ತಿ ಬಿಟ್ಟ ಮೇಲೆ ಹೊರಡುವುದು. ನೆಲ್ಯಾಡಿ, ಉಪ್ಪಿನಂಗಡಿ ಕಡೆಯ ಹುಡುಗರು ಯಾರಾದರೂ ಸೈಕಲ್ ಇದ್ದವರು ಎರಡನೇ ದಿನ ಅಲ್ಲಿಂದ ಮಂಗಳೂರಿಗೆ ಜೊತೆ ಸೇರಿಕೊಳ್ಳಬಹುದು. ಗೇರ್ ಇಲ್ಲದ್ದಾದರೂ ನಡೆಯುತ್ತದೆ, ಬ್ರೇಕ್ ಮತ್ತು ಹೆಲ್ಮೆಟ್ ಇರಲೇಬೇಕು. ದಾರಿಯಲ್ಲಿ ಎಲ್ಲಿಯೂ ಬ್ಯಾನರ್, ಸ್ವಾಗತ ಸಮಿತಿ ಬೇಡ. ಬಿ.ಸಿ.ರೋಡಿನಲ್ಲಿ ಯಾರಾದರೂ ಒಂದು ಬೊಂಡ ಕೊಡಿಸಿದರೆ ಬೇಡ ಅನ್ನುವುದಿಲ್ಲ.